ಅಹ್ಮೋಸೆಯ ಸುರುಳಿಯನ್ನು ಹಿಡಿದು ಗಣಿತವನ್ನು ಸ್ವಂತವಾಗಿ ಕಲಿಯಬಹುದೇ?

ಹಾಸನದ ಓದುಗಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ತಾಲ್ಲೂಕು ಗ್ರಂಥಾಲಯವೊಂದರಲ್ಲಿ ಸಹಾಯಕಿಯಾಗಿದ್ದೇನೆ. ವಯಸ್ಸು 46. ಎಸ್‌ಎಸ್‌ಎಲ್‌ಸಿಯ ಗಣಿತವನ್ನು ಎರಡನೆಯ ಸಲ ಕಟ್ಟಿ ಪಾಸಾದವಳು. ಪಿಯುಸಿಯಲ್ಲಿ ಕಲಾ ವಿಭಾಗಕ್ಕೆ ಸೇರಿದ ದಿನದಿಂದ ಗಣಿತದ ಪುಸ್ತಕವನ್ನು ಕೈಗೆತ್ತಿಕೊಂಡಿರಲಿಲ್ಲ. ಎರಡು ವರ್ಷಗಳ ಹಿಂದೆ, ಬೈಂಡಿಂಗಿಗೆ ಕಳುಹಿಸಬೇಕಿದ್ದ ಗಣಿತ ಚರಿತ್ರೆಯ ಪುಸ್ತಕವೊಂದರ ಬಿಡಿ ಹಾಳೆಗಳನ್ನು ಪುಟಸಂಖ್ಯೆ ನೋಡಿ ಜೋಡಿಸುತ್ತಿದ್ದಾಗ ಈಜಿಪ್ಟಿನ ಲೆಕ್ಕವೊಂದು ಕಣ್ಣಿಗೆ ಬಿತ್ತು: ಒಂದು ರಾಶಿಗೆ ಅದರದೇ ಏಳನೆಯ ಒಂದು ಪಾಲನ್ನು ಸೇರಿಸಿದರೆ 19 ಆಗುತ್ತದೆ, ಹಾಗಾದರೆ ಆ ರಾಶಿ ಎಷ್ಟು? ಮಧ್ಯಾಹ್ನದ ಊಟದ ಬಿಡುವು ಮುಗಿಯುವುದರೊಳಗೆ, ಎಕ್ಸ್ ಎಂಬ ಅಕ್ಷರದ ಹಂಗಿಲ್ಲದೆ, ಸುಮಾರು 3,500 ವರ್ಷಗಳ ಹಿಂದಿನ ಲಿಪಿಕಾರನೊಬ್ಬ ನಡೆದ ದಾರಿಯಲ್ಲೇ ನಡೆದು ನಾನು ಅದನ್ನು ಬಿಡಿಸಿದ್ದೆ.

ಆ ಲಿಪಿಕಾರನ ಹೆಸರು ಅಹ್ಮೋಸೆ. ಕ್ರಿ.ಪೂ. 1550ರ ಸುಮಾರಿಗೆ, ಹೊರಗಿನಿಂದ ಬಂದು ಈಜಿಪ್ಟಿನ ಉತ್ತರ ಭಾಗವನ್ನು ಆಳಿದ ಹಿಕ್ಸೋಸ್ ವಂಶದ ದೊರೆ ಅಪೋಫಿಸ್‌ನ 33ನೆಯ ಆಳ್ವಿಕೆಯ ವರ್ಷದಲ್ಲಿ, ತನಗಿಂತ ಹಳೆಯದಾದ, 12ನೆಯ ರಾಜವಂಶದ ಮೂರನೆಯ ಅಮೆನೆಮ್ಹಾತ್‌ನ ಕಾಲದ ಬರಹವೊಂದನ್ನು ನೋಡಿ ನಕಲು ಮಾಡುತ್ತಿದ್ದೇನೆ ಎಂದು ಅವನೇ ಮೊದಲಲ್ಲಿ ಹೇಳಿಕೊಂಡಿದ್ದಾನೆ. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಹೆನ್ರಿ ರಿಂಡ್ 1858ರಲ್ಲಿ ಲಕ್ಸರ್‌ನಲ್ಲಿ ಕೊಂಡ ಸುರುಳಿ ಇದು. ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಸುಮಾರು 5 ಮೀಟರ್ ಉದ್ದದ, ಪಪೈರಸ್ ಎಂಬ ಜೊಂಡಿನ ಹಾಳೆಯ ಮೇಲೆ, ಹೈರಾಟಿಕ್ ಎಂಬ ವೇಗದ ಬರವಣಿಗೆಯ ಲಿಪಿಯಲ್ಲಿ, ಕಪ್ಪು ಮತ್ತು ಕೆಂಪು ಶಾಯಿಗಳಲ್ಲಿ 84 ಲೆಕ್ಕಗಳಿವೆ. ರೊಟ್ಟಿ ಹಂಚುವುದು, ಧಾನ್ಯ ಅಳೆಯುವುದು, ಹೊಲದ ವಿಸ್ತೀರ್ಣ, ಪಿರಮಿಡ್ಡಿನ ಇಳಿಜಾರು, ಹೀಗೆ ಬದುಕಿನ ಕೆಲಸಗಳೇ ಹೆಚ್ಚು.

ನಾನು ಬಿಡಿಸಿದ್ದು 24ನೆಯ ಲೆಕ್ಕ. ಅಹ್ಮೋಸೆ ಮೊದಲು ಉತ್ತರ 7 ಇರಲಿ ಎಂದು ಹಿಡಿಯುತ್ತಾನೆ. ಅದು ಸರಿಯಾದ ಉತ್ತರವಲ್ಲವೆಂಬುದು ಅವನಿಗೂ ಗೊತ್ತು. ಏಳರ ಏಳನೆಯ ಪಾಲು ಸಲೀಸಾಗಿ ಸಿಗುತ್ತದೆಂಬ ಕಾರಣಕ್ಕೆ ಅದನ್ನು ಆರಿಸಿಕೊಳ್ಳುತ್ತಾನೆ. 7ಕ್ಕೆ 1 ಸೇರಿ 8 ಆಯಿತು. ಬೇಕಾದದ್ದು 19. ಹಾಗಾದರೆ 8ನ್ನು ಎಷ್ಟರಿಂದ ಗುಣಿಸಿದರೆ 19 ಬರುತ್ತದೋ, 7ನ್ನೂ ಅಷ್ಟರಿಂದಲೇ ಗುಣಿಸಬೇಕು. ಇಲ್ಲಿ ಭಾಗಾಕಾರವೆಂದರೆ ದ್ವಿಗುಣ ಮತ್ತು ಅರ್ಧ, ಇವೆರಡರ ಆಟ:

1 — 8
2 — 16
1/2 — 4
1/4 — 2
1/8 — 1

ಬಲಗಡೆಯಲ್ಲಿ 16, 2, 1 ಸೇರಿದರೆ 19. ಆದ್ದರಿಂದ ಎಡಗಡೆಯ 2 + 1/4 + 1/8 ನಮ್ಮ ಗುಣಕ. ಅದನ್ನು ಒಂದು ಪಟ್ಟು, ಎರಡು ಪಟ್ಟು, ನಾಲ್ಕು ಪಟ್ಟು ಮಾಡಿ ಕೂಡಿಸಿದರೆ ಏಳು ಪಟ್ಟಾಗುತ್ತದೆ: 16 + 1/2 + 1/8. ಅಹ್ಮೋಸೆ ಇಲ್ಲಿಗೆ ನಿಲ್ಲಿಸುವುದಿಲ್ಲ. ಈ ಉತ್ತರಕ್ಕೆ ಅದರ ಏಳನೆಯ ಪಾಲಾದ 2 + 1/4 + 1/8ನ್ನು ಸೇರಿಸಿ, 19 ಬಂತೆಂದು ತಾಳೆ ನೋಡಿಯೇ ಮುಂದಿನ ಲೆಕ್ಕಕ್ಕೆ ಹೋಗುತ್ತಾನೆ.

ಈ ತಾಳೆಯೇ ನನ್ನನ್ನು ಹಿಡಿದು ಕೂರಿಸಿದ್ದು. ಶಾಲೆಯಲ್ಲಿ ನನ್ನ ಉತ್ತರ ಸರಿಯೋ ತಪ್ಪೋ ಎಂಬುದನ್ನು ಯಾವಾಗಲೂ ಬೇರೆಯವರೇ ಹೇಳುತ್ತಿದ್ದರು. ಪುಸ್ತಕದ ಕೊನೆಯ ಪುಟ ಅಥವಾ ಮೇಷ್ಟ್ರ ಕೆಂಪು ಶಾಯಿ. ಇಲ್ಲಿ ಲೆಕ್ಕವನ್ನು ಮಾಡಿದ ಕೈಯೇ ಅದರ ಸರಿ ತಪ್ಪನ್ನು ನಿರ್ಧರಿಸುತ್ತದೆ. ಗುರುಗಳು ಪಕ್ಕದಲ್ಲಿಲ್ಲದೆ ಕಲಿಯುವವರಿಗೆ ಇದಕ್ಕಿಂತ ದೊಡ್ಡ ಆಸರೆ ಇಲ್ಲವೆಂದು ನನಗೆ ಅನ್ನಿಸಿದೆ. ಈಗ ದಿನಕ್ಕೊಂದು ಗಂಟೆ, ಗೆರೆಯಿಲ್ಲದ ನೋಟ್‌ಬುಕ್ಕಿನಲ್ಲಿ, ಅವನಂತೆಯೇ ಪ್ರಶ್ನೆಗೆ ಕೆಂಪು, ಬಿಡಿಸುವುದಕ್ಕೆ ಕಪ್ಪು ಶಾಯಿ ಬಳಸಿ ಒಂದೊಂದೇ ಲೆಕ್ಕ ಮಾಡುತ್ತಿದ್ದೇನೆ.

ನನ್ನ ಪ್ರಶ್ನೆ ಇಷ್ಟು. ಹೀಗೆ ಹಳೆಯ ದಾರಿಯಲ್ಲಿ ನಡೆದವಳು ಮುಂದೆ ಬೀಜಗಣಿತಕ್ಕೆ, ಕ್ಷೇತ್ರಗಣಿತಕ್ಕೆ ಬಂದು ಸೇರಬಹುದೇ, ಅಥವಾ ಅಡ್ಡದಾರಿಯಲ್ಲಿ ಕಳೆದುಹೋಗುತ್ತೇನೆಯೇ? ತಿಳಿದವರು ದಯವಿಟ್ಟು ಹೇಳಬೇಕು.


ಶಿವಮೊಗ್ಗದ ನಿವೃತ್ತ ಶಿಕ್ಷಕ

ಅಮ್ಮಾ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ಪ್ರೌಢಶಾಲೆಯಲ್ಲಿ 31 ವರ್ಷ ಗಣಿತ ಹೇಳಿಕೊಟ್ಟವನು ನಾನು. ತಾಳೆ ನೋಡುವ ಅಭ್ಯಾಸವನ್ನು ಮಕ್ಕಳಿಗೆ ಹಿಡಿಸಲು ಎಷ್ಟು ಕಷ್ಟಪಟ್ಟಿದ್ದೇನೆಂಬುದು ನೆನಪಾಗಿ ಸಂತೋಷವಾಯಿತು.

ನೀವು ಹೇಳಿದ ವಿಧಾನ ನಮ್ಮಲ್ಲಿಯೂ ಇತ್ತು. ಎರಡನೆಯ ಭಾಸ್ಕರಾಚಾರ್ಯರ 1150ರ ಲೀಲಾವತಿಯಲ್ಲಿ ಅದರ ಹೆಸರು ಇಷ್ಟಕರ್ಮ. ನಿಮಗೆ ಇಷ್ಟವಾದ ಒಂದು ಸಂಖ್ಯೆಯನ್ನು ಹಿಡಿದು, ಪ್ರಶ್ನೆಯಲ್ಲಿ ಹೇಳಿದ್ದನ್ನೆಲ್ಲ ಅದಕ್ಕೆ ಮಾಡಿ, ಬಂದ ಫಲಕ್ಕೂ ಕೊಟ್ಟ ಫಲಕ್ಕೂ ಇರುವ ಪ್ರಮಾಣದಲ್ಲಿ ಹಿಡಿದ ಸಂಖ್ಯೆಯನ್ನು ಹಿಗ್ಗಿಸುವುದು ಅಥವಾ ಕುಗ್ಗಿಸುವುದು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯಿತೆಂದು ನಾನು ಹೇಳುತ್ತಿಲ್ಲ. ಹಂಚುವ ಕೆಲಸ ಎಲ್ಲೆಲ್ಲಿ ಇತ್ತೋ ಅಲ್ಲಲ್ಲಿ ಈ ಉಪಾಯ ಹುಟ್ಟಿಕೊಂಡಿದ್ದರೆ ಆಶ್ಚರ್ಯವಿಲ್ಲ.

ಆದರೆ ಒಂದು ಎಚ್ಚರಿಕೆ. ಕೆಳಗಿನ ಲೆಕ್ಕವನ್ನು ಅದೇ ವಿಧಾನದಿಂದ ಮಾಡಿ ನೋಡಿ: ಒಂದು ರಾಶಿ, ಅದರ ಏಳನೆಯ ಒಂದು ಪಾಲು, ಮತ್ತೆ 3, ಎಲ್ಲ ಸೇರಿ 22. ಮಾಡಿದ ಮೇಲೆ ತಾಳೆ ನೋಡಿ ಇಲ್ಲಿ ಬರೆಯಿರಿ. ಉತ್ತರವನ್ನು ನಾನು ಹೇಳುವುದಿಲ್ಲ.


ಹಾಸನದ ಓದುಗಿ

ಗುರುಗಳೇ, ನಿನ್ನೆ ರಾತ್ರಿ ಮಾಡಿದೆ. 7 ಎಂದು ಹಿಡಿದೆ. 7, 1, 3 ಸೇರಿ 11 ಆಯಿತು. 22 ಅದರ ಎರಡು ಪಟ್ಟು. ಆದ್ದರಿಂದ ಉತ್ತರ 14 ಎಂದು ಬರೆದು, ಇಷ್ಟು ಸುಲಭವೇ ಎಂದುಕೊಂಡು ತಾಳೆ ನೋಡಿದರೆ 14, 2, 3 ಸೇರಿ 19 ಮಾತ್ರ. ಮೂರು ಕಡಿಮೆ ಬಿತ್ತು. ಬಹಳ ಹೊತ್ತು ಆ 19ನ್ನೇ ನೋಡುತ್ತಾ ಕುಳಿತಿದ್ದೆ. ರಾಶಿಯನ್ನು ಎರಡು ಪಟ್ಟು ಮಾಡಿದಾಗ ಅದರ ಏಳನೆಯ ಪಾಲೂ ಎರಡು ಪಟ್ಟಾಗುತ್ತದೆ, ಆದರೆ ಆ 3 ಮಾತ್ರ ಇದ್ದಲ್ಲೇ ಇರುತ್ತದೆ ಎಂಬುದು ಮಲಗುವ ಹೊತ್ತಿಗೆ ಹೊಳೆಯಿತು. ಅದನ್ನು ಮೊದಲೇ ತೆಗೆದಿಟ್ಟರೆ ಉಳಿಯುವುದು 19. ಅಂದರೆ ಅಹ್ಮೋಸೆಯ ಲೆಕ್ಕವೇ. ಉತ್ತರ 16 + 1/2 + 1/8. ತಾಳೆಯಾಯಿತು.

ಸಮೀಕರಣದಲ್ಲಿ ಮೂರನ್ನು ಆ ಕಡೆಗೆ ಕಳುಹಿಸಿದಾಗ ಚಿಹ್ನೆ ಬದಲಾಗುತ್ತದೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಅದನ್ನು ಯಾಕೆ ಮೊದಲು ಕಳೆಯಬೇಕು ಎಂಬುದು 30 ವರ್ಷಗಳ ಮೇಲೆ ಈಗ ಅರ್ಥವಾಯಿತು.

ಇನ್ನೊಂದು ಅನುಭವವನ್ನೂ ಹೇಳಬೇಕು. ಈಜಿಪ್ಟಿನವರು ಭಿನ್ನರಾಶಿಗಳನ್ನು ಅಂಶ 1 ಆಗಿರುವ ತುಂಡುಗಳ ಮೊತ್ತವಾಗಿಯೇ ಬರೆಯುತ್ತಿದ್ದರು. 2/3ಕ್ಕೆ ಮಾತ್ರ ಪ್ರತ್ಯೇಕ ಗುರುತಿತ್ತು. ಇದು ಯಾಕೆಂದು ತಿಳಿಯದೆ ಒದ್ದಾಡುತ್ತಿದ್ದೆ. ಯುಗಾದಿಯ ದಿನ ಮನೆಯಲ್ಲಿ ಎಂಟು ಮಕ್ಕಳು, ಬಿಸಿ ಹೋಳಿಗೆ ತಟ್ಟೆಯಲ್ಲಿ ಐದೇ ಉಳಿದಿದ್ದವು. ಒಬ್ಬೊಬ್ಬರಿಗೆ 5/8 ಎಂದು ಶಾಲೆಯ ಲೆಕ್ಕ ಹೇಳುತ್ತದೆ, ಆದರೆ ಆ ಸಂಖ್ಯೆಯನ್ನು ಹಿಡಿದು ಎಲ್ಲಿಗೆ ಚಾಕು ಹಾಕುವುದು? ಅಹ್ಮೋಸೆಯಾಗಿದ್ದರೆ 1/2 + 1/8 ಎಂದು ಬರೆಯುತ್ತಿದ್ದ. ನಾಲ್ಕು ಹೋಳಿಗೆಗಳನ್ನು ಅರ್ಧರ್ಧ ಮಾಡಿದೆ, ಐದನೆಯದನ್ನು ಎಂಟು ಪಾಲು ಮಾಡಿದೆ. ಪ್ರತಿಯೊಬ್ಬರ ಎಲೆಗೂ ಒಂದು ದೊಡ್ಡ ತುಂಡು, ಒಂದು ಚಿಕ್ಕ ತುಂಡು. ಅವನಿಗೆ ಹೆಚ್ಚು ನನಗೆ ಕಡಿಮೆ ಎಂಬ ಮಾತು ಯಾವ ಮಗುವಿನಿಂದಲೂ ಬರಲಿಲ್ಲ, ಏಕೆಂದರೆ ಸಮನಾಗಿದೆ ಎಂಬುದು ಕಣ್ಣಿಗೇ ಕಾಣುತ್ತಿತ್ತು. ಸುರುಳಿಯ ಮೊದಲ ಆರು ಲೆಕ್ಕಗಳು ಹತ್ತು ಜನರಿಗೆ ರೊಟ್ಟಿ ಹಂಚುವುದೇ ಆಗಿವೆ. ಏಳು ರೊಟ್ಟಿಗಳಾದರೆ ಒಬ್ಬನಿಗೆ 2/3 + 1/30, ಒಂಬತ್ತಾದರೆ 2/3 + 1/5 + 1/30.


ಕಲಬುರಗಿಯ ಸಂಶೋಧನಾ ವಿದ್ಯಾರ್ಥಿನಿ

ಮೇಡಂ, ಈ ತುಂಡುಗಳ ವಿಷಯದಲ್ಲಿ ಕನ್ನಡನಾಡಿಗೆ ನೇರವಾಗಿ ಸೇರಿದ ಒಂದು ಸಂಗತಿ ಇದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 850ರ ಸುಮಾರಿಗೆ, ಜೈನ ಗಣಿತಜ್ಞ ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ರಚಿಸಿದರು. ಸಂಸ್ಕೃತದ ಈ ಕೃತಿಯನ್ನು ಎಂ. ರಂಗಾಚಾರ್ಯರು 1912ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಮದರಾಸಿನಲ್ಲಿ ಪ್ರಕಟಿಸಿದರು. ಕನ್ನಡ ಅನುವಾದವೂ ಬಂದಿದೆ. ಅಂಶ 1 ಆಗಿರುವ ಭಿನ್ನಗಳನ್ನು ಮಹಾವೀರಾಚಾರ್ಯರು ರೂಪಾಂಶಕ ರಾಶಿ ಎಂದು ಕರೆದು, ಒಂದು ಸಂಖ್ಯೆಯನ್ನು ಅಂಥ ತುಂಡುಗಳಾಗಿ ಒಡೆಯುವುದಕ್ಕೆ ನಿಯಮಗಳನ್ನೇ ಕೊಟ್ಟಿದ್ದಾರೆ. ಪೂರ್ಣ 1ನ್ನು ಬೇಕಾದಷ್ಟು ತುಂಡುಗಳಾಗಿ ಒಡೆಯುವ ಅವರ ಕ್ರಮ ಹೀಗಿದೆ: ಮೊದಲನೆಯ ಛೇದ 2, ಆಮೇಲೆ 3, 9, 27 ಎಂದು ಮೂರು ಪಟ್ಟಾಗುತ್ತಾ ಹೋಗಬೇಕು, ಕೊನೆಯ ಛೇದವನ್ನು ಮಾತ್ರ 2/3ರಿಂದ ಗುಣಿಸಬೇಕು. ನಾಲ್ಕು ತುಂಡುಗಳಿಗೆ ಛೇದಗಳು 2, 3, 9 ಮತ್ತು 27ರ ಬದಲಿಗೆ 18. 18ರ ಛೇದದಲ್ಲಿ ಕೂಡಿಸಿದರೆ 9, 6, 2, 1 ಸೇರಿ 18.

ಅಹ್ಮೋಸೆ ಉದಾಹರಣೆಗಳನ್ನು ಕೊಡುತ್ತಾನೆ, ನಿಯಮವನ್ನು ನಾವು ಊಹಿಸಿಕೊಳ್ಳಬೇಕು. ಮಹಾವೀರಾಚಾರ್ಯರು ನಿಯಮವನ್ನೂ ಅಭ್ಯಾಸದ ಪ್ರಶ್ನೆಗಳನ್ನೂ ಕೊಡುತ್ತಾರೆ, ಬಿಡಿಸುವುದನ್ನು ನಾವು ಮಾಡಿಕೊಳ್ಳಬೇಕು. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಕಲಿಯುವುದು ನನಗೆ ಬಹಳ ಫಲ ಕೊಟ್ಟಿದೆ. ಇನ್ನೊಂದು ಮಾತು: ಈಜಿಪ್ಟಿನವರು ಗೊತ್ತಿಲ್ಲದ ಸಂಖ್ಯೆಯನ್ನು ಅಹ ಎನ್ನುತ್ತಿದ್ದರು, ಅದನ್ನು ರಾಶಿ ಅಥವಾ ಗುಡ್ಡೆ ಎಂದು ಅರ್ಥ ಮಾಡುತ್ತಾರೆ. ತ್ರೈರಾಶಿಕದಲ್ಲಿ, ಭಿನ್ನರಾಶಿಯಲ್ಲಿ ನಾವು ಹೇಳುವ ರಾಶಿಯೂ ಅದೇ ಅಲ್ಲವೇ?


ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ

ನಾನು ಗುಣಾಕಾರದ ಬಗ್ಗೆ ಮಾತ್ರ ಬರೆಯುತ್ತೇನೆ. 23ನ್ನು 17ರಿಂದ ಗುಣಿಸಬೇಕಾದರೆ ಈಜಿಪ್ಟಿನವರಿಗೆ 17ರ ಮಗ್ಗಿ ಬೇಕಿರಲಿಲ್ಲ. 23, 46, 92, 184, 368 ಎಂದು ಇಮ್ಮಡಿ ಮಾಡುತ್ತಾ ಪಕ್ಕದಲ್ಲಿ 1, 2, 4, 8, 16 ಎಂದು ಬರೆದು, 16 ಮತ್ತು 1ರ ಸಾಲುಗಳಿಗೆ ಗುರುತು ಹಾಕಿ 368ಕ್ಕೆ 23 ಸೇರಿಸಿದರೆ 391. ಯಾವ ಪೂರ್ಣಸಂಖ್ಯೆಯನ್ನಾದರೂ 1, 2, 4, 8ರ ಸಾಲಿನಿಂದ ಯಾವುದನ್ನೂ ಎರಡು ಸಲ ಬಳಸದೆ ಆರಿಸಿ ಕೂಡಿಸಿ ಪಡೆಯಬಹುದು, ಹಾಗೆ ಆರಿಸುವ ದಾರಿ ಒಂದೇ ಒಂದು ಎಂಬುದರ ಮೇಲೆ ಈ ವಿಧಾನ ನಿಂತಿದೆ. ಕಂಪ್ಯೂಟರ್‌ಗಳ ದ್ವಿಮಾನ ಪದ್ಧತಿಯೂ ಇದೇ ಸತ್ಯದ ಮೇಲೆ ನಿಂತಿದೆ. ಕಾಲೇಜಿನಲ್ಲಿ ಇದನ್ನು ಓದಿ ಪರೀಕ್ಷೆ ಬರೆದಿದ್ದೆ. ಆದರೆ ಅಹ್ಮೋಸೆಯಂತೆ ಹತ್ತು ಗುಣಾಕಾರಗಳನ್ನು ಕೈಯಲ್ಲಿ ಮಾಡಿದ ಮೇಲೆಯೇ ಅದು ನನ್ನದಾಯಿತು.

ಸುರುಳಿಯ ಆರಂಭದಲ್ಲಿರುವ ಕೋಷ್ಟಕವನ್ನು ಹೊಸಬರು ಹಾರಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಇಮ್ಮಡಿ ಮಾಡುತ್ತಲೇ ಲೆಕ್ಕ ನಡೆಸುವವರಿಗೆ 1/7 ಸಿಕ್ಕಿದ ಮರುಕ್ಷಣ 2/7 ಬೇಕಾಗುತ್ತದೆ. ಅದನ್ನು ತುಂಡುಗಳಾಗಿ ಒಡೆದಿಟ್ಟುಕೊಳ್ಳದಿದ್ದರೆ ಲೆಕ್ಕ ಮುಂದೆ ಸಾಗುವುದಿಲ್ಲ. ಅದಕ್ಕಾಗಿ 3ರಿಂದ 101ರವರೆಗಿನ ಎಲ್ಲ ಬೆಸ ಸಂಖ್ಯೆಗಳಿಗೂ ಎರಡನ್ನು ಭಾಗಿಸಿ ಬರೆದಿಟ್ಟಿದ್ದಾರೆ. 2/5 ಎಂದರೆ 1/3 + 1/15. 2/7 ಎಂದರೆ 1/4 + 1/28. 2/13ಕ್ಕೆ ಮೂರು ತುಂಡುಗಳು: 1/8 + 1/52 + 1/104. 101ಕ್ಕೆ ಬರುವಾಗ ನಾಲ್ಕು. ಒಂದೇ ಭಿನ್ನವನ್ನು ಹಲವು ರೀತಿಯಲ್ಲಿ ಒಡೆಯಬಹುದಾದಾಗ ಇದನ್ನೇ ಯಾಕೆ ಆರಿಸಿದರು ಎಂಬುದರ ಬಗ್ಗೆ ವಿದ್ವಾಂಸರು ಇಂದಿಗೂ ಚರ್ಚಿಸುತ್ತಿದ್ದಾರೆ. ಈ ಕ್ಷೇತ್ರದಲ್ಲಿ ಬಗೆಹರಿಯದ ಪ್ರಶ್ನೆಯೊಂದು ಸ್ವಂತವಾಗಿ ಕಲಿಯುವವರ ಕೈಗೂ ಎಟುಕುವಂತಿದೆ: 1ಕ್ಕಿಂತ ದೊಡ್ಡ ಯಾವ ಪೂರ್ಣಸಂಖ್ಯೆಯಿಂದ 4ನ್ನು ಭಾಗಿಸಿದರೂ ಅದನ್ನು ಮೂರು ತುಂಡುಗಳ ಮೊತ್ತವಾಗಿ ಬರೆಯಬಹುದೇ? 4/5 ಆದರೆ 1/2 + 1/4 + 1/20. ಗಣಿತಜ್ಞರಾದ ಎರ್ಡಿಶ್ ಮತ್ತು ಸ್ಟ್ರೌಸ್ 1948ರಲ್ಲಿ ಎತ್ತಿದ ಈ ಪ್ರಶ್ನೆಗೆ ಸಾಧನೆ, ಅಂದರೆ ತರ್ಕಬದ್ಧ ಪುರಾವೆ, ಇನ್ನೂ ಸಿಕ್ಕಿಲ್ಲ.


ಮಂಗಳೂರಿನ ಇತಿಹಾಸ ಉಪನ್ಯಾಸಕ

ಕಲಿಕೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಬೇರುಗಳ ಬಗ್ಗೆ ಮಾತಾಡುವಾಗ ಹೆಚ್ಚಿನ ಎಚ್ಚರ ಬೇಕು. ಗಣಿತದ ಆಫ್ರಿಕನ್ ಮೂಲಕ್ಕೆ ಸಾಕ್ಷಿಯೆಂದು ಇಶಾಂಗೊ ಮೂಳೆಯನ್ನು ಎಲ್ಲೆಡೆ ತೋರಿಸಲಾಗುತ್ತದೆ. ಬೆಲ್ಜಿಯಂನ ಜಾನ್ ದ ಹೈನ್ಜೆಲಿನ್ 1950ರಲ್ಲಿ ಕಾಂಗೋದ ಎಡ್ವರ್ಡ್ ಸರೋವರದ ದಡದಲ್ಲಿ ಕಂಡುಕೊಂಡ, ಸುಮಾರು 20,000 ವರ್ಷಗಳಷ್ಟು ಹಳೆಯದೆಂದು ಹೇಳಲಾಗುವ ಆ ಮೂಳೆಯ ಮೇಲೆ ಮೂರು ಸಾಲು ಗೀರುಗಳಿವೆ. ಒಂದು ಸಾಲಿನ ಗುಂಪುಗಳಲ್ಲಿ 11, 13, 17, 19 ಗೀರುಗಳಿರುವುದರಿಂದ ಅವರಿಗೆ ಅವಿಭಾಜ್ಯ ಸಂಖ್ಯೆಗಳು ಗೊತ್ತಿದ್ದವೆಂದು ಹೇಳುವುದು ಆತುರದ ತೀರ್ಮಾನ. ಭಾಗಾಕಾರದ ಕಲ್ಪನೆ ಇಲ್ಲದೆ ಅವಿಭಾಜ್ಯದ ಕಲ್ಪನೆ ಬರುವುದಿಲ್ಲ, ಗೀರುಗಳಷ್ಟೇ ಅದನ್ನು ಹೇಳಲಾರವು. ಚಂದ್ರನ ದಿನಗಳ ಲೆಕ್ಕವೆಂದು ಅಲೆಕ್ಸಾಂಡರ್ ಮಾರ್ಷಾಕ್ ಮಾಡಿದ ಅರ್ಥವೂ ಒಂದು ಊಹೆಯೇ.

ಎರಡನೆಯದಾಗಿ, ಈಜಿಪ್ಟಿನದು ಲೆಕ್ಕ ಮಾಡುವ ಕ್ರಮಗಳ ಸಂಗ್ರಹ. ಸಾಮಾನ್ಯ ಸೂತ್ರವಾಗಲಿ, ಅದರ ಸಾಧನೆಯಾಗಲಿ ಅಲ್ಲಿಲ್ಲ. ಅದನ್ನು ತಂದುಕೊಟ್ಟವರು ಗ್ರೀಕರು. ಸ್ವಂತವಾಗಿ ಕಲಿಯುವವರು ಈ ವ್ಯತ್ಯಾಸವನ್ನು ಮರೆತರೆ ಕ್ರಮವನ್ನೇ ಕಾರಣವೆಂದು ತಿಳಿದುಬಿಡುವ ಅಪಾಯವಿದೆ.


ನೈರೋಬಿಯಲ್ಲಿರುವ ಕನ್ನಡಿಗ

ಉಪನ್ಯಾಸಕರ ಮೊದಲ ಮಾತನ್ನು ನಾನು ಒಪ್ಪುತ್ತೇನೆ. ಇಶಾಂಗೊ ಮೂಳೆಯ ಮೇಲೆ ಅದು ಹೊರಲಾರದಷ್ಟು ಭಾರ ಹೊರಿಸುವುದು ಬೇಡ. ಯಾರೋ ಒಬ್ಬರು ಎಣಿಸಿದ್ದನ್ನು ನೆನಪಿನಲ್ಲಿ ಉಳಿಸಿಕೊಳ್ಳಲು ಗುಂಪು ಗುಂಪಾಗಿ ಗೀರಿದ್ದಾರೆ ಎಂಬಷ್ಟನ್ನು ಹೇಳಿದರೂ ಅದು ದೊಡ್ಡ ಸಂಗತಿಯೇ.

ಆದರೆ ನಾನಿಲ್ಲಿ ಹತ್ತು ವರ್ಷಗಳಿಂದ ನೋಡುತ್ತಿರುವುದು ಬೇರೊಂದು ವಿಚಾರ. ನಾವು ಓದಿದ ಪಠ್ಯಗಳಲ್ಲಿ ಈಜಿಪ್ಟ್ ಒಂದು ಅಧ್ಯಾಯ, ಆಫ್ರಿಕಾ ಮತ್ತೊಂದು ಅಧ್ಯಾಯ. ಎರಡರ ನಡುವೆ ಸಂಬಂಧವೇ ಇಲ್ಲವೆಂಬಂತೆ. ಇಶಾಂಗೊ ಇರುವ ಕಡೆ ಎಡ್ವರ್ಡ್ ಸರೋವರದಿಂದ ಹೊರಡುವ ಸೆಮ್ಲಿಕಿ ನದಿ ಆಲ್ಬರ್ಟ್ ಸರೋವರಕ್ಕೆ ಹೋಗುತ್ತದೆ, ಅಲ್ಲಿಂದ ಮುಂದೆ ಅದೇ ನೈಲ್. ಅಹ್ಮೋಸೆ ಅಳೆಯಲು ಕಲಿಸಿದ ಹೊಲಗಳಿಗೆ ನೀರು ಮತ್ತು ಮಣ್ಣು ಬಂದದ್ದು ಆಫ್ರಿಕಾದ ಒಡಲಿನಿಂದ. ಪ್ರವಾಹ ಇಳಿದ ಮೇಲೆ ಕೊಚ್ಚಿಹೋದ ಹೊಲವನ್ನು ಅಳೆದು ಕಂದಾಯ ಕಡಿಮೆ ಮಾಡಬೇಕಾಗಿದ್ದರಿಂದ ಅಲ್ಲಿ ಕ್ಷೇತ್ರಗಣಿತ ಹುಟ್ಟಿ ಗ್ರೀಸಿಗೆ ಬಂತು ಎಂದು ಹೇಳಿದವನು ಗ್ರೀಕ್ ಇತಿಹಾಸಕಾರನಾದ ಹೆರೊಡೋಟಸ್‌ನೇ. ಈಜಿಪ್ಟಿನ ಮಕ್ಕಳು ಸೇಬುಗಳನ್ನೂ ಹೂಮಾಲೆಗಳನ್ನೂ ಹಂಚುವ ಆಟದಲ್ಲೇ ಲೆಕ್ಕ ಕಲಿಯುತ್ತಾರೆ, ನಮ್ಮವರಿಗೆ ಇದು ಬಾರದಿರುವುದು ನಾಚಿಕೆಗೇಡು ಎಂಬ ಧಾಟಿಯಲ್ಲಿ ಪ್ಲೇಟೋ ಬರೆದಿದ್ದಾನೆ. ಕಲಿತವರಿಗೆ ಯಾರಿಂದ ಕಲಿತೆವೆಂಬ ನೆನಪಿತ್ತು. ಮರೆತವರು ಆಮೇಲೆ ಬಂದವರು.

ಎಣಿಕೆಯ ಬಗೆಗಳೂ ಈ ಖಂಡದಲ್ಲಿ ಅನೇಕ. ನೈಜೀರಿಯಾದ ಯೊರುಬಾ ಭಾಷೆಯಲ್ಲಿ ಇಪ್ಪತ್ತರ ಗುಂಪುಗಳಲ್ಲಿ ಎಣಿಸುತ್ತಾರೆ, ಜೊತೆಗೆ ಕಳೆಯುತ್ತಾರೆ: 45 ಎಂದರೆ ಐವತ್ತಕ್ಕೆ ಐದು ಕಡಿಮೆ, ಆ ಐವತ್ತು ಎಂದರೆ ಮೂರು ಇಪ್ಪತ್ತಕ್ಕೆ ಹತ್ತು ಕಡಿಮೆ. 19ನ್ನು ಏಕೋನವಿಂಶತಿ ಎಂದು ಕೇಳಿ ಬೆಳೆದ ನಮಗೆ ಇದು ಪರಕೀಯವೆನಿಸಬಾರದು.


ಹುಬ್ಬಳ್ಳಿಯ ಗುತ್ತಿಗೆದಾರ

ನಾನು ಡಿಪ್ಲೊಮಾ ಮುಗಿಸಿ ಕಟ್ಟಡ ಗುತ್ತಿಗೆ ಮಾಡುವವನು. ಕ್ರಮ ಮತ್ತು ಕಾರಣದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ.

ಕಾಲಮ್ಮಿನ ಬುಡಕ್ಕೆ ಹಾಕುವ ಇಳಿಜಾರು ಫೂಟಿಂಗ್ ಎಲ್ಲರೂ ನೋಡಿರುತ್ತೀರಿ: ಕೆಳಗೆ ಅಗಲ, ಮೇಲೆ ಸಣ್ಣ, ತಲೆ ಕತ್ತರಿಸಿದ ಪಿರಮಿಡ್ಡಿನ ಆಕಾರ. ಅದಕ್ಕೆ ಎಷ್ಟು ಕಾಂಕ್ರೀಟ್ ಬೇಕೆಂಬುದನ್ನು ಸೈಟಿನಲ್ಲಿ ಎರಡು ರೀತಿ ಲೆಕ್ಕ ಹಾಕುವವರನ್ನು ಕಂಡಿದ್ದೇನೆ. ಕೆಲವರು ಮೇಲಿನ ಮತ್ತು ಕೆಳಗಿನ ವಿಸ್ತೀರ್ಣಗಳ ಸರಾಸರಿ ಹಿಡಿಯುತ್ತಾರೆ, ಕೆಲವರು ಬಾಹುಗಳ ಸರಾಸರಿ ಹಿಡಿಯುತ್ತಾರೆ. ಈಗ ಈಜಿಪ್ಟಿನ ಇನ್ನೊಂದು ಗಣಿತ ಸುರುಳಿಯಾದ ಮಾಸ್ಕೋ ಪಪೈರಸ್ಸಿನ 14ನೆಯ ಲೆಕ್ಕವನ್ನು ನೋಡಿ: ಕೆಳಬಾಹು 4, ಮೇಲ್ಬಾಹು 2, ಎತ್ತರ 6. ಮೊದಲನೆಯವರಿಗೆ 60 ಬರುತ್ತದೆ, ಎರಡನೆಯವರಿಗೆ 54. ಈಜಿಪ್ಟಿನ ಲಿಪಿಕಾರ ಏನು ಮಾಡುತ್ತಾನೆ? ನಾಲ್ಕರ ವರ್ಗ 16, ನಾಲ್ಕರ ಎರಡು ಪಟ್ಟು 8, ಎರಡರ ವರ್ಗ 4, ಮೂರನ್ನೂ ಸೇರಿಸಿ 28; ಆರರ ಮೂರನೆಯ ಒಂದು ಪಾಲು 2; 28ರ ಎರಡು ಪಟ್ಟು 56. ನೋಡು, 56 ಆಯಿತು, ಸರಿಯಾಗಿಯೇ ಬಂದಿದೆ ಎಂದು ಮುಗಿಸುತ್ತಾನೆ. ಅದು ನಿಜಕ್ಕೂ ಸರಿ.

ಯಾಕೆ ಸರಿ ಎಂದು ತಿಳಿಯಲು ಜೇಡಿಮಣ್ಣಿನಲ್ಲಿ ಆ ಆಕಾರ ಮಾಡಿ, ಮೇಲಿನ ಚೌಕದ ನಾಲ್ಕು ಅಂಚುಗಳಿಂದ ನೇರವಾಗಿ ಕೆಳಕ್ಕೆ ತಂತಿಯಿಂದ ಕೊಯ್ದೆ. ಒಂಬತ್ತು ತುಂಡುಗಳಾದವು. ನಡುವಿನ ಕಂಬ 2, 2, 6ರದು, 24. ನಾಲ್ಕು ಪಕ್ಕಗಳಲ್ಲಿ ಬೆಣೆಯಾಕಾರದವು. ಒಂದೊಂದೂ 2, 1, 6ರ ಇಟ್ಟಿಗೆಯ ಅರ್ಧ, ಅಂದರೆ 6. ನಾಲ್ಕು ಸೇರಿ 24. ಮೂಲೆಗಳಲ್ಲಿ ನಾಲ್ಕು ಸಣ್ಣ ಪಿರಮಿಡ್ಡುಗಳು, ಒಂದೊಂದೂ 1, 1, 6ರ ಕಂಬದ ಮೂರನೆಯ ಒಂದು ಪಾಲು, ಅಂದರೆ 2. ನಾಲ್ಕು ಸೇರಿ 8. ಒಟ್ಟು 56. ಕ್ರಮ ಮಾತ್ರ ಬರೆದಿದ್ದರೂ, ಇಷ್ಟು ನಿಖರವಾದ ಕ್ರಮವನ್ನು ಕಾರಣ ತಿಳಿಯದೆ ಯಾರೂ ಕಂಡುಹಿಡಿಯಲಾರರು ಎಂದು ಆ ಮಣ್ಣಿನ ತುಂಡುಗಳನ್ನು ಕೈಯಲ್ಲಿ ಹಿಡಿದಾಗ ನನಗೆ ಅನ್ನಿಸಿತು. ಆದರೆ ಮೂಲೆಯ ಪಿರಮಿಡ್ಡು ಮೂರನೆಯ ಒಂದು ಪಾಲೇ ಆಗುವುದೇಕೆ ಎಂಬುದನ್ನು ನಾನು ಶಾಲೆಯ ಸೂತ್ರದಿಂದ ತೆಗೆದುಕೊಂಡೆ. ಮೇಷ್ಟ್ರು ಹೇಳಬೇಕು.


ಶಿವಮೊಗ್ಗದ ನಿವೃತ್ತ ಶಿಕ್ಷಕ

ಗುತ್ತಿಗೆದಾರರೇ, ನಿಮ್ಮ ಜೇಡಿಮಣ್ಣು ಇನ್ನೂ ಹಸಿ ಇದ್ದರೆ ಒಂದು ಘನ ಮಾಡಿ. ಮೇಲಿನ ಒಂದು ಮೂಲೆಯನ್ನು ಗುರುತಿಸಿಕೊಳ್ಳಿ. ಆ ಮೂಲೆಯನ್ನು ಮುಟ್ಟದ ಮೂರು ಮುಖಗಳಿವೆ. ಒಂದೊಂದು ಮುಖವನ್ನೂ ಪಾದವಾಗಿಟ್ಟು, ಆ ಮೂಲೆಯನ್ನೇ ಶಿಖರವಾಗಿಟ್ಟು ಕೊಯ್ದರೆ ಒಂದೇ ಅಳತೆಯ ಮೂರು ಪಿರಮಿಡ್ಡುಗಳು ಬರುತ್ತವೆ, ಏನೂ ಮಿಗುವುದಿಲ್ಲ. ನಿಮ್ಮ ಮೂಲೆ ತುಂಡಿನ ಆಕಾರವೂ ಇದೇ, ಶಿಖರ ಪಾದದ ಒಂದು ಮೂಲೆಯ ನೇರಕ್ಕಿದೆ. ಎತ್ತರ ಮಾತ್ರ ಆರು ಪಟ್ಟು. ಪ್ರತಿಯೊಂದು ತೆಳುಪದರವನ್ನೂ ಆರು ಪಟ್ಟು ದಪ್ಪ ಮಾಡಿದರೆ ಕಂಬವೂ ಪಿರಮಿಡ್ಡೂ ಒಂದೇ ಪ್ರಮಾಣದಲ್ಲಿ ಬೆಳೆಯುತ್ತವೆ. ಮೂರನೆಯ ಒಂದು ಪಾಲು ಹಾಗೆಯೇ ಉಳಿಯುತ್ತದೆ.

ಉಪನ್ಯಾಸಕರಿಗೆ ಒಂದು ಮಾತು. ಈಜಿಪ್ಟಿನ ಬರಹಗಳಲ್ಲಿ ಗ್ರೀಕ್ ಗಣಿತಜ್ಞ ಯೂಕ್ಲಿಡ್‌ನಂಥ ಸಾಧನೆಯ ಸರಪಳಿ ಇಲ್ಲವೆಂಬುದು ನಿಜ, ಅದನ್ನು ಕಡಿಮೆ ಮಾಡಿ ಹೇಳಬಾರದು. ಆದರೆ ಒಳ್ಳೆಯ ಉದಾಹರಣೆಯೊಂದನ್ನು ಪೂರ್ತಿ ಬಿಡಿಸಿ, ಹೀಗೆಯೇ ಉಳಿದವನ್ನೂ ಮಾಡು ಎಂದು ಬಿಡುವುದೂ ಸಾಮಾನ್ಯ ನಿಯಮವನ್ನು ದಾಟಿಸುವ ಒಂದು ಬಗೆಯೇ. ತರಗತಿಯಲ್ಲಿ ಕಪ್ಪು ಹಲಗೆಯ ಮುಂದೆ ನಾನು ಮಾಡುತ್ತಿದ್ದದ್ದೂ ಹೆಚ್ಚಿನಂಶ ಅದನ್ನೇ.

ಓದುಗಿಯವರು ಕೇಳಿದ ಮೂಲ ಪ್ರಶ್ನೆಗೆ ನನ್ನ ಸಲಹೆ: 84 ಲೆಕ್ಕಗಳನ್ನೂ ಸಾಲಾಗಿ ಮಾಡಬೇಕಾಗಿಲ್ಲ. ರೊಟ್ಟಿ ಹಂಚುವ ಆರು, 24ರಿಂದ 27ರವರೆಗಿನ ರಾಶಿಯ ಲೆಕ್ಕಗಳು, ದುಂಡು ಹೊಲದ 50ನೆಯದು, ಪಿರಮಿಡ್ಡಿನ ಇಳಿಜಾರಿನ 56ನೆಯದು, ಇವಿಷ್ಟನ್ನು ಎರಡೆರಡು ಸಲ ಮಾಡಿ. ಮೊದಲ ಸಲ ಲಿಪಿಕಾರನ ಕ್ರಮದಲ್ಲಿ, ಎರಡನೆಯ ಸಲ ಶಾಲೆಯ ಬೀಜಗಣಿತದಲ್ಲಿ, ಎದುರುಬದುರು ಪುಟಗಳಲ್ಲಿ. ಎರಡು ಪುಟಗಳಲ್ಲಿ ಯಾವ ಸಾಲಿಗೆ ಯಾವ ಸಾಲು ಜೋಡಿ ಎಂದು ಗೆರೆ ಎಳೆಯಿರಿ. ನೀವು ಕೇಳಿದ ಸೇತುವೆ ಆ ಗೆರೆಗಳೇ. ಆಮೇಲೆ ಈಜಿಪ್ಟಿನದೇ ಆದ ಬರ್ಲಿನ್ ಪಪೈರಸ್ಸಿನ ಈ ಲೆಕ್ಕಕ್ಕೆ ಬನ್ನಿ: ಎರಡು ಚೌಕಗಳ ವಿಸ್ತೀರ್ಣ ಸೇರಿ 100, ಒಂದರ ಬಾಹು ಇನ್ನೊಂದರ ಮುಕ್ಕಾಲು. ಇಲ್ಲಿ ವರ್ಗ ಬಂದಿದೆ, ಇಷ್ಟಕರ್ಮ ಹಾಗೇ ನಡೆಯುವುದಿಲ್ಲ. ಎಲ್ಲಿ ಬದಲಾಯಿಸಬೇಕೆಂದು ಯೋಚಿಸಿ.


ಹಾಸನದ ಓದುಗಿ

ಮೂರು ವಾರ ಬರೆಯದಿದ್ದುದಕ್ಕೆ ಕ್ಷಮೆ ಇರಲಿ, 50ನೆಯ ಲೆಕ್ಕದಲ್ಲಿ ನಿಂತುಹೋಗಿದ್ದೆ. 9 ಖೇತ್ (ಈಜಿಪ್ಟಿನ ಉದ್ದದ ಅಳತೆ) ವ್ಯಾಸದ ದುಂಡು ಹೊಲಕ್ಕೆ ವ್ಯಾಸದ ಒಂಬತ್ತನೆಯ ಒಂದು ಪಾಲನ್ನು ಕಳೆದು, ಉಳಿದ 8ನ್ನು 8ರಿಂದಲೇ ಗುಣಿಸಿ 64 ಎನ್ನುತ್ತಾನೆ. ಅಂದರೆ 9 ವ್ಯಾಸದ ದುಂಡೂ 8 ಬಾಹುವಿನ ಚೌಕವೂ ಒಂದೇ ಎಂದಾಯಿತು. ಇದನ್ನು ನಂಬಲು ನನಗೆ ಮನಸ್ಸಾಗಲಿಲ್ಲ. ಅಡುಗೆಮನೆಯಲ್ಲಿ ಒಳವ್ಯಾಸ ಸರಿಯಾಗಿ 18 ಸೆಂಟಿಮೀಟರ್ ಇರುವ ಡಬ್ಬಿಯ ಮುಚ್ಚಳ ಸಿಕ್ಕಿತು. ಅದರ ಅಂಚಿನಷ್ಟೇ ಎತ್ತರದ ರಟ್ಟಿನಿಂದ 16 ಸೆಂಟಿಮೀಟರ್ ಬಾಹುವಿನ ಚೌಕ ಚೌಕಟ್ಟು ಮಾಡಿದೆ. ಮುಚ್ಚಳಕ್ಕೆ ರಾಗಿ ತುಂಬಿ, ಸ್ಕೇಲಿನಿಂದ ಸವರಿ ಸಮ ಮಾಡಿ, ಅದಷ್ಟನ್ನೂ ಚೌಕಟ್ಟಿನೊಳಗೆ ಸುರಿದು ಮತ್ತೆ ಸವರಿದೆ. ಒಂದು ಮೂಲೆಯಲ್ಲಿ ಬೆರಳ ತುದಿಯಷ್ಟು ಜಾಗ ಖಾಲಿ ಉಳಿಯಿತು, ಅಷ್ಟೇ. ಶಾಲೆಯ ಪೈ ಹಿಡಿದು ಮಾಡಿದರೆ ಹೊಲದ ವಿಸ್ತೀರ್ಣ 63.62 ಬರುತ್ತದೆ, ಅಹ್ಮೋಸೆಯದು 64. ನನ್ನ ರಟ್ಟಿನ ಕೆಲಸದ ತಪ್ಪು ಅವನ ತಪ್ಪಿಗಿಂತ ದೊಡ್ಡದಿರಬಹುದು. ಉಪನ್ಯಾಸಕರು ಹೇಳಿದ ವ್ಯತ್ಯಾಸ ಈಗ ನನಗೆ ಸ್ಪಷ್ಟವಾಗಿದೆ. ಫೂಟಿಂಗಿನ ಲೆಕ್ಕದಲ್ಲಿ ಅವರ ಕ್ರಮ ಪೂರ್ತಿ ಸರಿ, ದುಂಡು ಹೊಲದಲ್ಲಿ ಬಹಳ ಹತ್ತಿರ. ಎರಡೂ ಕಡೆ ಲಿಪಿಕಾರ ಒಂದೇ ಧೈರ್ಯದಿಂದ ಹೇಳುತ್ತಾನೆ. ಯಾವುದು ಪೂರ್ತಿ, ಯಾವುದು ಹತ್ತಿರ ಎಂದು ಬೇರೆ ಮಾಡಲು ಅವನ ತಾಳೆ ಸಾಲದು, ಮೇಷ್ಟ್ರು ಮೂರು ಪಿರಮಿಡ್ಡುಗಳಲ್ಲಿ ತೋರಿಸಿದಂಥ ಕಾರಣ ಬೇಕು. ಹೀಗಾಗಿ ಯೂಕ್ಲಿಡ್‌ನ ಮೊದಲ ಪುಸ್ತಕವನ್ನು ಗ್ರಂಥಾಲಯದಿಂದ ನನ್ನ ಹೆಸರಿಗೆ ಬರೆಸಿಕೊಂಡಿದ್ದೇನೆ.

ಬರ್ಲಿನ್ ಲೆಕ್ಕವನ್ನು ನಿನ್ನೆ ಬಿಡಿಸಿದೆ. ಬಾಹುಗಳು 1 ಮತ್ತು 3/4 ಇರಲಿ ಎಂದು ಹಿಡಿದೆ. ವರ್ಗಗಳು 1 ಮತ್ತು 9/16, ಸೇರಿ 25/16. ನೇರವಾಗಿ 100ನ್ನು 25/16ರಿಂದ ಭಾಗಿಸಿ 64 ಎಂದು ಬರೆದುಬಿಟ್ಟೆ. ತಾಳೆ ನೋಡಿದರೆ 64ರ ವರ್ಗವೊಂದೇ 4,096, ಎಲ್ಲಿಯ 100! ಮೇಷ್ಟ್ರು ಹೇಳಿದ ಬದಲಾವಣೆ ಇಲ್ಲೇ ಇರಬೇಕೆಂದು ತಿಳಿಯಿತು. ಬಾಹು ಎರಡು ಪಟ್ಟಾದರೆ ಚೌಕ ನಾಲ್ಕು ಪಟ್ಟಾಗುತ್ತದೆ, ಆದ್ದರಿಂದ ಹೋಲಿಸಬೇಕಾದದ್ದು ಮೊತ್ತಗಳನ್ನಲ್ಲ, ಅವುಗಳ ವರ್ಗಮೂಲಗಳನ್ನು. 25/16ರ ಮೂಲ 5/4, 100ರ ಮೂಲ 10. ಹತ್ತನ್ನು 5/4ರಿಂದ ಭಾಗಿಸಿದರೆ 8. ಒಂದು ಬಾಹು 8, ಅದರ ಮುಕ್ಕಾಲು 6. ತಾಳೆ: 64 ಮತ್ತು 36, ಸೇರಿ 100.